ಮೆಚ್ಚಿದ ಕೆಲಸಕ್ಕೆ ಇಳಿಯುವ ಧೈರ್ಯ: ಕೊಡಗಿನ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಇಷ್ಟಪಟ್ಟ ಕೆಲಸದಿಂದಲೇ ಹೊಟ್ಟೆ ಹೊರೆಯಬೇಕೆಂದು ಹೊರಟು, ಎಲ್ಲರೂ ಎಡವುವ ಜಾಗದಲ್ಲೇ ಎಡವುವವರನ್ನು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಕಡೆ ನಾನು ನೋಡುತ್ತಲೇ ಇದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಧೈರ್ಯದ ಕೊರತೆಯೇನೂ ಇರಲಿಲ್ಲ. ಇದ್ದ ಧೈರ್ಯ ಬೇಕಾದ ಹೊತ್ತಿಗಿಂತ ಮೊದಲೇ ಖರ್ಚಾಗಿತ್ತು. ಮೊದಲು ರಾಜೀನಾಮೆ, ನಂತರ ಸಾಲ, ನಂತರ ರಸ್ತೆಬದಿಗೆ ಬೋರ್ಡು, ಕೊನೆಗೆ ಕೆಲಸ ಎಂಬ ಕ್ರಮದಲ್ಲಿ ಹೋದವರು ಎರಡು ಮಳೆಗಾಲದೊಳಗೆ ಹಳೆಯ ಕುರ್ಚಿಗೆ ಮರಳಿದ್ದಾರೆ.

ನಾನೂ ಹಾಗೆಯೇ ಎಡವಿದವನು. ಹನ್ನೊಂದು ವರ್ಷ ಲೆಕ್ಕ ಬರೆದ ಕಚೇರಿಯನ್ನು ಬಿಟ್ಟು ಮರಗೆಲಸಕ್ಕೆ ಇಳಿದಾಗ ಮೊದಲು ಕೊಂಡದ್ದು ಯಂತ್ರವನ್ನು. ಅದಕ್ಕೆ ತ್ರೀ ಫೇಸ್ ವಿದ್ಯುತ್ ಬೇಕೆಂಬುದು ತಿಳಿದದ್ದು ಅದು ಮನೆಯಂಗಳಕ್ಕೆ ಬಂದ ಮೇಲೆ. ಜುಲೈನ ತೇವದಲ್ಲಿ ಜೋಡಿಸಿದ ಮೇಜು ಮಾರ್ಚ್‌ನ ಒಣಗಾಳಿಗೆ ನಡುಮಧ್ಯದಲ್ಲಿ ಸೀಳಿತು. ಕೆಳಗಿನ ಹಂತಗಳು ಆ ಸೀಳಿನಿಂದ ಕಲಿತವು. ಒಂದನ್ನು ಮುಗಿಸದೆ ಇನ್ನೊಂದಕ್ಕೆ ಹೋಗಬಾರದೆಂಬುದು ನನ್ನ ಏಕೈಕ ಷರತ್ತು.

## ಬೇಕಾಗುವ ಸಾಮಗ್ರಿ

ಇನ್ನೂರು ಪುಟದ ಒಂದು ನೋಟ್‌ಬುಕ್, ಗೋಡೆಗೆ ತೂಗುಹಾಕುವ ಒಂದು ಕ್ಯಾಲೆಂಡರ್, ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಪಾಸ್‌ಬುಕ್ ವಿವರ, ನಿಮ್ಮ ನೇಮಕಾತಿ ಪತ್ರದ ಪ್ರತಿ, ಇವಿಷ್ಟೇ ಸಾಕು. ಜೊತೆಗೆ ನಿಮ್ಮ ಒಕ್ಕಕ್ಕೆ (ಮನೆತನಕ್ಕೆ) ಸೇರದ, ನಿಮ್ಮ ಮಾತಿಗೆ ತಲೆದೂಗುವ ಅಭ್ಯಾಸವಿಲ್ಲದ ಒಬ್ಬ ವ್ಯಕ್ತಿ ಬೇಕು. ಈ ವ್ಯಕ್ತಿಯನ್ನು ಹುಡುಕುವುದಕ್ಕೇ ಕೆಲವರಿಗೆ ಒಂದು ತಿಂಗಳು ಹಿಡಿಯುತ್ತದೆ. ಆ ತಿಂಗಳು ವ್ಯರ್ಥವೆಂದು ತಿಳಿಯಬೇಡಿ.

ಕೊಳ್ಳಬಾರದವುಗಳ ಪಟ್ಟಿ ಇದಕ್ಕಿಂತ ಮುಖ್ಯ: ಯಂತ್ರ, ಬಾಡಿಗೆ ಮಳಿಗೆ, ಮುದ್ರಿಸಿದ ಲೇಬಲ್, ಬೋರ್ಡು. ಇವುಗಳ ಸರದಿ ಏಳನೆಯ ಹಂತದಲ್ಲಿ.

## ಹಂತ 1: ಕೆಲಸದ ಹೆಸರನ್ನು ಬಿಟ್ಟು, ಕೆಲಸವನ್ನು ಬರೆಯಿರಿ

‘ಹೋಮ್‌ಸ್ಟೇ ಮಾಡಬೇಕು’, ‘ಜೇನು ಸಾಕಬೇಕು’, ‘ಬೇಕರಿ ತೆರೆಯಬೇಕು’ ಎಂಬ ಮಾತುಗಳಲ್ಲಿ ಕೆಲಸ ಕಾಣಿಸುವುದಿಲ್ಲ, ಬೋರ್ಡು ಕಾಣಿಸುತ್ತದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಆ ಕೆಲಸದ ಒಂದು ಸಾಮಾನ್ಯ ಮಂಗಳವಾರ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಗಂಟೆ ಗಂಟೆಗೆ ಏನು ಮಾಡುತ್ತೀರೆಂದು ಬರೆಯಿರಿ. ಹೋಮ್‌ಸ್ಟೇಯ ಮಂಗಳವಾರವೆಂದರೆ ಒಗೆದ ಹಾಸುಬಟ್ಟೆ ಮಳೆಯಲ್ಲಿ ಒಣಗದಿರುವುದು, ಬುಕಿಂಗ್ ರದ್ದು ಮಾಡಿದವರೊಡನೆ ಮುಂಗಡದ ಬಗ್ಗೆ ಮಾತನಾಡುವುದು, ರಾತ್ರಿ ಹನ್ನೊಂದಕ್ಕೆ ದಾರಿ ತಪ್ಪಿದ ಕಾರಿನವರಿಗೆ ಫೋನಿನಲ್ಲಿ ತಿರುವುಗಳನ್ನು ಹೇಳುವುದು. ಜೇನು ಕೃಷಿಯ ಮಂಗಳವಾರದಲ್ಲಿ ಪೆಟ್ಟಿಗೆಗೆ ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡುವುದೂ, ಹೂವಿಲ್ಲದ ಮಳೆಗಾಲದಲ್ಲಿ ಸಕ್ಕರೆ ಪಾಕ ಕಾಯಿಸುವುದೂ ಸೇರಿದೆ.

ಬರೆದ ನಂತರ, ಹಣ ಸಿಗದಿದ್ದರೂ ಮಾಡುವಂಥ ಗಂಟೆಗಳಿಗೆ ಒಂದು ಗುರುತು, ಹಣ ಕೊಟ್ಟರಷ್ಟೇ ಮಾಡುವಂಥವುಗಳಿಗೆ ಇನ್ನೊಂದು ಗುರುತು ಹಾಕಿ. ಮೊದಲ ಗುರುತು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ, ನೀವು ಪ್ರೀತಿಸುತ್ತಿರುವುದು ಬೇರೆ ಯಾವುದನ್ನೋ. ಹೋಮ್‌ಸ್ಟೇ ಕನಸು ಹೊತ್ತು ಬಂದ ಒಬ್ಬರ ಪುಟದಲ್ಲಿ ಮೊದಲ ಗುರುತು ಬಿದ್ದದ್ದು ಅಡುಗೆಮನೆಯ ಗಂಟೆಗಳಿಗೆ ಮಾತ್ರ. ಅವರು ಕೊಠಡಿ ಕಟ್ಟಿಸುವುದನ್ನು ಬಿಟ್ಟು ಕಡಂಬುಟ್ಟು, ಪಂದಿಕರಿಯ ಆರ್ಡರ್ ಹಿಡಿಯತೊಡಗಿದರು.

ಎಚ್ಚರಿಕೆಯ ಸೂಚನೆ: ಪುಟ ತುಂಬಿಸಲು ಸಾಧ್ಯವೇ ಆಗದಿದ್ದರೆ ನಿಮಗೆ ಆ ಕೆಲಸದ ಪರಿಚಯವಿಲ್ಲ ಎಂದರ್ಥ. ಅದನ್ನು ಮಾಡುತ್ತಿರುವವರ ಜೊತೆ ನಾಲ್ಕು ಭಾನುವಾರ ಸಂಬಳವಿಲ್ಲದೆ ಕೆಲಸ ಮಾಡಿ, ಮತ್ತೆ ಬರೆಯಿರಿ.

## ಹಂತ 2: ಭಯಗಳನ್ನು ಬೇರ್ಪಡಿಸಿ

ಇದು ಅತಿ ಉದ್ದದ ಹಂತ. ಜನ ಅತಿ ಬೇಗ ಹಾರಿಸಿಬಿಡುವ ಹಂತವೂ ಇದೇ. ‘ಭಯವಾಗುತ್ತದೆ’ ಎಂಬ ಒಂದು ಪದದೊಳಗೆ ಕನಿಷ್ಠ ಮೂರು ಭಯಗಳಿರುತ್ತವೆ, ಮತ್ತು ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಪುಟದಲ್ಲಿ ಮೂರು ಕಂಬಸಾಲು ಎಳೆಯಿರಿ: ಹಣದ ಭಯ, ಜನರ ಭಯ, ಕೈ ಸಾಲದೆಂಬ ಭಯ.

ಹಣದ ಭಯವನ್ನು ಯಾವಾಗಲೂ ಮೊತ್ತವಾಗಿ ಬರೆಯಬೇಕು. ‘ಮನೆ ನಡೆಯದಿದ್ದರೆ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ಜೂನ್‌ನಲ್ಲಿ ಶಾಲೆಯ ಶುಲ್ಕಕ್ಕೆ 38,000 ರೂಪಾಯಿ ಎಲ್ಲಿಂದ?’ ಎಂಬುದಕ್ಕೆ ಉತ್ತರ ಹುಡುಕಬಹುದು. ಕೈ ಸಾಲದೆಂಬ ಭಯ ಅನೇಕ ವೇಳೆ ನಿಜವೇ ಆಗಿರುತ್ತದೆ ಮತ್ತು ಅದನ್ನು ಸಮಾಧಾನದ ಮಾತಿನಿಂದ ಮುಚ್ಚಬಾರದು. ಯಾವ ಕೌಶಲ ಸಾಲದು, ಅದನ್ನು ಯಾರಲ್ಲಿ, ಎಷ್ಟು ವಾರದಲ್ಲಿ ಕಲಿಯಬಹುದು ಎಂದು ಎದುರಿನ ಸಾಲಿನಲ್ಲಿ ಬರೆದರೆ ಮುಗಿಯಿತು.

ಕೊಡಗಿನಲ್ಲಿ ತೂಕದ್ದು ನಡುವಿನ ಕಂಬಸಾಲು. ಇಲ್ಲಿ ಮನುಷ್ಯನ ಹೆಸರಿಗಿಂತ ಮೊದಲು ಮನೆತನದ ಹೆಸರು ಬರುತ್ತದೆ. ಸೈನ್ಯ, ಬ್ಯಾಂಕು, ಸರ್ಕಾರಿ ಹುದ್ದೆ ಅಥವಾ ತೋಟ ಎಂಬ ನಾಲ್ಕು ಉತ್ತರಗಳನ್ನು ಬಿಟ್ಟು ಐದನೆಯದನ್ನು ಹೇಳಿದರೆ ಮದುವೆ ಮಂಟಪದಲ್ಲಿ ಎದುರಿಗಿರುವವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಆ ಸಪ್ಪೆ ಮುಖವನ್ನು ಕಲ್ಪಿಸಿಕೊಂಡೇ ವರ್ಷಗಟ್ಟಲೆ ಸುಮ್ಮನಿದ್ದವರಿದ್ದಾರೆ. ಈ ಭಯವನ್ನು ‘ಜನ’ ಎಂದು ಬರೆಯದೆ ಹೆಸರು ಹಿಡಿದು ಬರೆಯಿರಿ. ನನ್ನ ಪಟ್ಟಿಯಲ್ಲಿ ‘ಇಡೀ ಊರು’ ಎಂದು ಆರಂಭವಾದದ್ದು ಕೊನೆಗೆ ಐದು ಮಂದಿಗೆ ಇಳಿಯಿತು, ಅವರಲ್ಲಿ ಇಬ್ಬರನ್ನು ನಾನು ಮೂರು ವರ್ಷದಿಂದ ಭೇಟಿಯೇ ಆಗಿರಲಿಲ್ಲ.

ಉಳಿದ ಮೂವರು ಮನೆಯ ಹಿರಿಯರು, ಮತ್ತು ಅವರ ‘ಬೇಡ’ದೊಳಗೆ ಮಾಹಿತಿ ಇರುತ್ತದೆ. ರೋಗ ಬಡಿದು ಕಿತ್ತಳೆ ತೋಟಗಳು ಒಂದೊಂದಾಗಿ ಬರಿದಾದದ್ದನ್ನು ಅವರು ಕಂಡಿದ್ದಾರೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಜೇನಿನ ಪೆಟ್ಟಿಗೆಗಳು ಖಾಲಿಯಾದದ್ದು, 2000ದ ಆಚೀಚೆ ಕಾಫಿಯ ಬೆಲೆ ನೆಲಕಚ್ಚಿದ್ದು, 2018ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದು ರಸ್ತೆಗಳು ಮುಚ್ಚಿ ಪ್ರವಾಸಿಗರ ಬರವು ನಿಂತದ್ದು ಅವರ ಕಣ್ಣೆದುರಿನ ಸಂಗತಿಗಳು. ತಿಂಗಳ ಸಂಬಳವನ್ನು ಅವರು ಹೊಗಳುವುದು ಈ ನೆನಪಿನಿಂದ. ಆದ್ದರಿಂದ ‘ಯಾಕೆ ಬೇಡ?’ ಎಂದು ವಾದಿಸುವ ಬದಲು ‘ಆಗ ಏನಾಯಿತು, ಉಳಿದುಕೊಂಡವರು ಹೇಗೆ ಉಳಿದರು?’ ಎಂದು ಕೇಳಿ, ಉತ್ತರವನ್ನು ಹಾಗೆಯೇ ಬರೆದುಕೊಳ್ಳಿ. ಜೇನಿನ ವಿಷಯದಲ್ಲಿ ಒಬ್ಬ ಹಿರಿಯರು ಕೊಟ್ಟ ಉತ್ತರ, ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಕಡೆ ಇಡದವರು ಕೆಲವನ್ನಾದರೂ ಉಳಿಸಿಕೊಂಡರು ಎಂಬುದು, ಮುಂದೆ ಬಂಡವಾಳ ಹಂಚುವಾಗಲೂ ನನಗೆ ಉಪಯೋಗಕ್ಕೆ ಬಂದಿತು.

ಸಾಮಾನ್ಯ ತಪ್ಪು: ಈ ಹಂತದ ಕೊನೆಯಲ್ಲಿ ಭಯ ಹೋಗಿರಬೇಕೆಂದು ನಿರೀಕ್ಷಿಸುವುದು. ಅದು ಹೋಗುವುದಿಲ್ಲ. ಅದಕ್ಕೊಂದು ಅಳತೆ ಸಿಕ್ಕಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು.

## ಹಂತ 3: ನೌಕರಿಯಲ್ಲಿದ್ದುಕೊಂಡೇ ಒಂದು ಮಳೆಗಾಲ ಪ್ರಯೋಗ ಮಾಡಿ

ಪ್ರಯೋಗದ ಅವಧಿ ಮೂರು ತಿಂಗಳು ಸಾಕೆಂದು ಎಲ್ಲೆಡೆ ಹೇಳುತ್ತಾರೆ. ಕೊಡಗಿಗೆ ಅದು ಸಾಲದು. ಜನವರಿಯಿಂದ ಮಾರ್ಚ್‌ವರೆಗಿನ ಬಿಸಿಲಿನಲ್ಲಿ ಸಲೀಸಾಗಿ ನಡೆದ ಕೆಲಸ ಜೂನ್‌ನಿಂದ ಆಗಸ್ಟ್‌ವರೆಗೆ ಬೇರೆಯೇ ಕೆಲಸವಾಗುತ್ತದೆ: ವಿದ್ಯುತ್ ದಿನಗಟ್ಟಲೆ ಇರುವುದಿಲ್ಲ, ಬಟ್ಟೆ, ಚರ್ಮ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಹಿಟ್ಟು ಹುಳಿಯುವ ಹೊತ್ತು ಬದಲಾಗುತ್ತದೆ, ಕೊರಿಯರ್ ವಾಹನ ಮರ ಬಿದ್ದ ರಸ್ತೆಯಾಚೆ ನಿಂತಿರುತ್ತದೆ. ಆದ್ದರಿಂದ ಪ್ರಯೋಗದ ಅವಧಿಯೊಳಗೆ ಕಕ್ಕಡ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ, ಮಳೆ ಜೋರಾಗಿರುವ ಕೊಡವ ತಿಂಗಳು) ಪೂರ್ತಿಯಾಗಿ ಬಂದಿರಬೇಕು.

ಕ್ಯಾಲೆಂಡರ್ ಹಿಡಿದು ಹೀಗೆ ಗುರುತು ಹಾಕಿಕೊಳ್ಳಿ.

1. ಮನೆಯಲ್ಲಿ ತೋಟವಿದ್ದರೆ, ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರ್–ಡಿಸೆಂಬರ್‌ನಿಂದ ರೊಬಸ್ಟಾ ಮುಗಿಯುವ ಮಾರ್ಚ್‌ವರೆಗೆ ನಿಮಗೆ ಬಿಡುವಿಲ್ಲವೆಂದೇ ಬರೆಯಿರಿ. ಇಲ್ಲದ ಸಮಯವನ್ನು ಇದೆ ಎಂದು ಬರೆದುಕೊಂಡವರ ಪ್ರಯೋಗ ಜನವರಿಯಲ್ಲೇ ನಿಂತಿದೆ.

2. ವಾರಕ್ಕೆ ಎಂಟು ಗಂಟೆಯನ್ನು ಪ್ರಯೋಗಕ್ಕೆ ಮೀಸಲಿಡಿ, ಅದರಲ್ಲಿ ಆರು ಗಂಟೆ ಕೆಲಸಕ್ಕೆ, ಎರಡು ಗಂಟೆ ಮಾರಾಟ, ಲೆಕ್ಕ, ಮಾತುಕತೆಗೆ. ಎರಡನೆಯ ಭಾಗವನ್ನು ಬಿಟ್ಟರೆ ಅದು ಹವ್ಯಾಸವಾಗಿ ಉಳಿಯುತ್ತದೆ.

3. ನಿಮ್ಮ ಪರಿಚಯವಿಲ್ಲದ ಹತ್ತು ಮಂದಿ ಪೂರ್ತಿ ಬೆಲೆ ಕೊಟ್ಟು ಕೊಳ್ಳುವವರೆಗೆ ಪ್ರಯೋಗ ಮುಗಿಯುವುದಿಲ್ಲ. ಸಂಬಂಧಿಕರ ಖರೀದಿಯನ್ನು ಬೇರೆ ಪುಟದಲ್ಲಿ ಬರೆಯಿರಿ. ಅದು ಪ್ರೀತಿಯ ಲೆಕ್ಕ, ವ್ಯಾಪಾರದ್ದಲ್ಲ.

4. ಹತ್ತರಲ್ಲಿ ಎಷ್ಟು ಮಂದಿ ಎರಡನೆಯ ಸಲ ಬಂದರೆಂದು ನೋಡಿ. ಶುಕ್ರವಾರ ಮಡಿಕೇರಿ ಸಂತೆಯಲ್ಲಿ ನಿಂತು ಮಾರುವುದು ಈ ಪರೀಕ್ಷೆಗೆ ಒಳ್ಳೆಯ ಜಾಗ, ಏಕೆಂದರೆ ಅಲ್ಲಿ ಕೊಳ್ಳುವವರು ಸ್ಥಳೀಯರು. ಇಷ್ಟವಾಗದಿದ್ದರೆ ಮುಂದಿನ ವಾರ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಪ್ರವಾಸಿಗರು ಒಮ್ಮೆ ಕೊಂಡು ಹೋಗಿಬಿಡುತ್ತಾರಾದ್ದರಿಂದ ಅವರಿಂದ ಹಣ ಸಿಗುತ್ತದೆ, ಪಾಠ ಸಿಗುವುದು ಕಡಿಮೆ.

ತಿನ್ನುವ ಪದಾರ್ಥವನ್ನು ಮಾರುವುದಾದರೆ, ಪ್ರಮಾಣ ಎಷ್ಟೇ ಸಣ್ಣದಿದ್ದರೂ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ) ನೋಂದಣಿಯನ್ನು ಮೊದಲೇ ಮಾಡಿಸಿಕೊಳ್ಳಿ. ಸಣ್ಣ ತಯಾರಕರ ಮೂಲ ನೋಂದಣಿಯ ಶುಲ್ಕ ಬಹಳ ಕಡಿಮೆ. ಮನೆಯ ಅಡುಗೆಕೋಣೆಯಿಂದಲೇ ನಡೆಸುವವರೂ ಪಡೆಯಬಹುದು.

ಎಚ್ಚರಿಕೆಯ ಸೂಚನೆ: ಪ್ರಯೋಗದ ಗಂಟೆಗಳನ್ನು ನೀವೇ ಮುಂದೂಡುತ್ತಿದ್ದು, ಆ ಕೆಲಸದ ವಿಡಿಯೊಗಳನ್ನು ಮಾತ್ರ ರಾತ್ರಿ ನೋಡುತ್ತಿದ್ದರೆ, ನಿಮಗೆ ಬೇಕಾಗಿರುವುದು ಇಂದಿನ ನೌಕರಿಯಿಂದ ಬಿಡುಗಡೆ. ಅದಕ್ಕೆ ಬೇರೆ ನೌಕರಿ ಹುಡುಕಿಕೊಳ್ಳುವುದು ಅಗ್ಗದ ದಾರಿ.

## ಹಂತ 4: ಹಣವನ್ನು ವರ್ಷದ ಲೆಕ್ಕದಲ್ಲಿ ಹಾಕಿ

ತಿಂಗಳ ಖರ್ಚನ್ನು ಆರರಿಂದ ಗುಣಿಸಿ ಕೂಡಿಡಿ ಎಂಬ ಸಲಹೆ ಸಂಬಳದ ಊರುಗಳಿಗೆ ಸರಿ. ಇಲ್ಲಿಯ ಮನೆಗಳ ಆದಾಯವೂ ಖರ್ಚೂ ವರ್ಷಕ್ಕೊಮ್ಮೆ ಗುಡ್ಡೆಯಾಗಿ ಬರುತ್ತವೆ: ಕಾಫಿ ಮಾರಿದ ಹಣ ಕೊಯ್ಲಿನ ನಂತರ, ಶುಲ್ಕ ಮತ್ತು ಮಾಡಿನ ದುರಸ್ತಿ ಮಳೆಗೆ ಮುನ್ನ, ಮದುವೆಗಳ ಮುಯ್ಯಿ ಏಪ್ರಿಲ್–ಮೇನಲ್ಲಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ತಿಂಗಳ ಖರ್ಚು 24,000 ರೂಪಾಯಿಯಾದರೆ ವರ್ಷಕ್ಕೆ 2,88,000. ಶುಲ್ಕ, ವಿಮೆ, ಮಾಡಿನ ದುರಸ್ತಿ, ಮುಯ್ಯಿ ಸೇರಿ 72,000. ಒಟ್ಟು 3,60,000. ಪ್ರಯೋಗದ ಅವಧಿಯಲ್ಲಿ ಸಾಮಗ್ರಿಯ ಖರ್ಚು ಕಳೆದು ತಿಂಗಳಿಗೆ ಸರಾಸರಿ 9,000 ಉಳಿದಿದ್ದರೆ ವರ್ಷಕ್ಕೆ 1,08,000. ಕೊರತೆ 2,52,000. ಈ ಮೊತ್ತ ಬ್ಯಾಂಕಿನಲ್ಲಿ ಕೂಡುವ ದಿನವೇ ರಾಜೀನಾಮೆಯ ಬಗ್ಗೆ ಯೋಚಿಸುವ ಮೊದಲ ದಿನ. ತೋಟದ ಆದಾಯವನ್ನು ಈ ಲೆಕ್ಕಕ್ಕೆ ಸೇರಿಸುವುದಾದರೆ ಕಳೆದ ಐದು ವರ್ಷಗಳಲ್ಲಿ ಅತಿ ಕಡಿಮೆ ಬಂದ ವರ್ಷದ್ದನ್ನು ಸೇರಿಸಿ. ಬೆಲೆ ಏರಿದ ವರ್ಷ ಹುಟ್ಟಿದ ಧೈರ್ಯ ಬೆಲೆಯ ಜೊತೆಗೇ ಇಳಿಯುತ್ತದೆ.

ಇದೇ ಕಾರಣಕ್ಕೆ ಒಂದು ನಿಯಮವನ್ನು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ: ಕಾಫಿ ಮಾರಿದ ಹಣ ಕೈಯಲ್ಲಿರುವ ತಿಂಗಳಲ್ಲಿ ನಿರ್ಧಾರ ಮಾಡಬೇಡಿ, ಹತ್ತು ದಿನ ಬಿಸಿಲು ಕಾಣದ ಕಕ್ಕಡದಲ್ಲೂ ಮಾಡಬೇಡಿ. ಒಂದರಲ್ಲಿ ಎಲ್ಲವೂ ಸಾಧ್ಯವೆನಿಸುತ್ತದೆ, ಇನ್ನೊಂದರಲ್ಲಿ ಯಾವುದೂ ಸಾಧ್ಯವಿಲ್ಲವೆನಿಸುತ್ತದೆ. ಸೆಪ್ಟೆಂಬರ್ ಆರಂಭದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದು, ಸುಗ್ಗಿಯ ಹಬ್ಬ ಹುತ್ತರಿ ಬರುವುದರೊಳಗಿನ ತಿಂಗಳುಗಳು ಮನಸ್ಸು ಸಮವಾಗಿರುವ ಕಾಲ.

ಸಾಲದ ಬಗ್ಗೆ ಹೇಳುವುದಾದರೆ, ತೋಟವನ್ನೋ ಒಡವೆಯನ್ನೋ ಅಡವಿಡುವ ಮುನ್ನ ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಅಡಮಾನವಿಲ್ಲದೆ ಕೊಡುವ ಮುದ್ರಾ ಸಾಲವನ್ನು ವಿಚಾರಿಸಿ. ಅದರ ಶಿಶು ವಿಭಾಗ 50,000 ರೂಪಾಯಿಯವರೆಗೆ, ಕಿಶೋರ್ ವಿಭಾಗ 5 ಲಕ್ಷದವರೆಗೆ ಇದೆ. ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಸಹಾಯಧನವನ್ನು ನೆಚ್ಚಿಕೊಂಡು ಹೊರಟವರು ಎರಡು ಕಡೆ ಸಿಕ್ಕಿಬೀಳುತ್ತಾರೆ. ಮೊದಲ ಸಲದ ಸಹಾಯಧನ ಹೊಸ ಘಟಕಕ್ಕೆ ಮಾತ್ರ, ಈಗಾಗಲೇ ನಡೆಯುತ್ತಿರುವುದಕ್ಕೆ ಸಿಗುವುದಿಲ್ಲ. ಮತ್ತು ಸಹಾಯಧನ ನಿಮ್ಮ ಕೈಗೆ ಬರದೆ ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿರುತ್ತದೆ. ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ಆನ್‌ಲೈನ್‌ನಲ್ಲಿ ಉಚಿತ. ಅದಕ್ಕೆ ಹಣ ಕೇಳುವ ಮಧ್ಯವರ್ತಿಯಿಂದ ದೂರವಿರಿ.

## ಹಂತ 5: ಮನೆಯಲ್ಲಿ ಹೇಳಿ

ಇಲ್ಲಿಯವರೆಗೆ ಬಂದವರ ಕೈಯಲ್ಲಿ ಈಗ ತುಂಬಿದ ನೋಟ್‌ಬುಕ್ ಇದೆ, ಆದ್ದರಿಂದ ಮಾತು ಕಡಿಮೆ ಸಾಕು. ಹುತ್ತರಿಗೆ ಐನ್‌ಮನೆಯಲ್ಲಿ (ಒಕ್ಕದ ಮೂಲಮನೆಯಲ್ಲಿ) ಎಲ್ಲರೂ ಸೇರಿದಾಗ ಹೇಳಿಬಿಡೋಣ ಎಂಬ ಆಸೆ ಬೇಡ. ಇಪ್ಪತ್ತು ಮಂದಿಯ ಎದುರು ಕೇಳಿದ ಪ್ರಶ್ನೆಗೆ ಹಿರಿಯರು ಇಪ್ಪತ್ತು ಮಂದಿಗಾಗಿ ಉತ್ತರ ಕೊಡುತ್ತಾರೆ, ಮತ್ತು ಒಮ್ಮೆ ಎಲ್ಲರೆದುರು ಹೇಳಿದ ‘ಬೇಡ’ವನ್ನು ಹಿಂತೆಗೆದುಕೊಳ್ಳುವುದು ಅವರಿಗೂ ಕಷ್ಟ. ಒಬ್ಬೊಬ್ಬರೊಡನೆ, ಸಂಜೆಯ ಕಾಫಿಯ ಹೊತ್ತಿನಲ್ಲಿ, ಲೆಕ್ಕದ ಪುಟವನ್ನು ಮುಂದಿಟ್ಟು ಮಾತನಾಡಿ.

ಕೇಳುವುದನ್ನು ನಿಖರವಾಗಿ ಕೇಳಿ. ‘ನನ್ನನ್ನು ಬೆಂಬಲಿಸಿ’ ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯದು. ‘ಮುಂದಿನ ಸೆಪ್ಟೆಂಬರ್‌ವರೆಗೆ ಹಿಂದಿನ ಶೆಡ್ಡನ್ನು ನನಗೆ ಬಿಟ್ಟುಕೊಡಿ’ ಎಂದರೆ ಹೌದು ಅಥವಾ ಇಲ್ಲ ಎನ್ನಬಹುದು. ಮನೆಯ ಹೆಣ್ಣುಮಕ್ಕಳು ಈ ದಾರಿ ಹಿಡಿಯುವಾಗ ಅಡ್ಡಬರುವುದು ನೇರವಾದ ವಿರೋಧಕ್ಕಿಂತ ಹೆಚ್ಚಾಗಿ ಬೆಳಗಿನ ಆರು ಗಂಟೆಯ ಅಡುಗೆ. ಎಲ್ಲರೂ ‘ಮಾಡಮ್ಮ, ಒಳ್ಳೆಯದು’ ಎನ್ನುತ್ತಾರೆ, ಒಂದು ಪಾತ್ರೆಯೂ ಬೇರೆ ಕೈಗೆ ಹೋಗುವುದಿಲ್ಲ. ಯಾವ ಕೆಲಸವನ್ನು ಯಾರು ವಹಿಸಿಕೊಳ್ಳುತ್ತಾರೆಂದು ಅದೇ ನೋಟ್‌ಬುಕ್ಕಿನಲ್ಲಿ ಬರೆದು, ಹೊಸ ಕೆಲಸ ಶುರುವಾಗುವುದಕ್ಕೆ ಒಂದು ತಿಂಗಳ ಮುಂಚೆಯೇ ಆ ವ್ಯವಸ್ಥೆಯನ್ನು ಜಾರಿಗೆ ತನ್ನಿ.

ಜಾಗದ ವಿಷಯದಲ್ಲಿ ವಿಶೇಷ ಜಾಗ್ರತೆ ಬೇಕು. ಜಮ್ಮಾ (ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ) ಜಮೀನಿನ ಪಹಣಿಯಲ್ಲಿ ಪಟ್ಟೆದಾರರ (ಒಕ್ಕದ ಮುಖ್ಯಸ್ಥರ) ಜೊತೆ ಒಕ್ಕದ ಇತರರ ಹೆಸರುಗಳೂ ಇದ್ದರೆ, ಅಲ್ಲಿ ಶೆಡ್ಡು ಕಟ್ಟುವುದಕ್ಕೂ ಸಾಲ ಎತ್ತುವುದಕ್ಕೂ ನಿಮ್ಮ ತಂದೆಯೊಬ್ಬರ ಒಪ್ಪಿಗೆ ಸಾಲದು. ಬಾಯಿಮಾತಿನ ಒಪ್ಪಿಗೆ ವ್ಯವಹಾರ ಲಾಭಕ್ಕೆ ಬರುವವರೆಗೆ ಮಾತ್ರ ಗಟ್ಟಿ. ಕಾಗದವಿಲ್ಲದಿದ್ದರೆ ಬಾಡಿಗೆಯ ಸಣ್ಣ ಕೋಣೆಯೇ ಮೇಲು.

## ಹಂತ 6: ಹಿಂತಿರುಗುವ ಗೆರೆಯನ್ನು ಮೊದಲೇ ಎಳೆಯಿರಿ

ಒಂದು ದಿನಾಂಕ, ಒಂದು ಮೊತ್ತ. ‘ಮುಂದಿನ ಡಿಸೆಂಬರ್ 31ಕ್ಕೆ ಉಳಿತಾಯ 80,000 ರೂಪಾಯಿಗಿಂತ ಕೆಳಗಿಳಿದಿದ್ದರೆ ನೌಕರಿ ಹುಡುಕಲು ಆರಂಭಿಸುತ್ತೇನೆ’ ಎಂದು ಬರೆದು ಸಹಿ ಹಾಕಿ, ಆರಂಭದಲ್ಲಿ ಹೇಳಿದ ಆ ತಲೆದೂಗದ ವ್ಯಕ್ತಿಯ ಕೈಗೆ ಕೊಡಿ. ಕೊನೆಯ 80,000 ಇರುವುದು ನೌಕರಿ ಹುಡುಕುವ ತಿಂಗಳುಗಳಿಗೆ. ಅದನ್ನು ಬಂಡವಾಳಕ್ಕೆ ಮುಟ್ಟುವಂತಿಲ್ಲ. ಸೋಲುವ ಮಾತನ್ನು ಮೊದಲೇ ಆಡಬಾರದೆಂದು ಕೆಲವರು ಈ ಹಂತವನ್ನು ಬಿಡುತ್ತಾರೆ. ನನ್ನ ಅನುಭವದಲ್ಲಿ, ಬಾಗಿಲು ಎಲ್ಲಿದೆಯೆಂದು ತಿಳಿದ ಮೇಲೆಯೇ ಕೋಣೆಯಲ್ಲಿ ನಿದ್ದೆ ಬಂದದ್ದು.

## ಹಂತ 7: ನೌಕರಿ ಬಿಡುವ ಕ್ರಮ

1. ನೇಮಕಾತಿ ಪತ್ರದಲ್ಲಿ ಸೂಚನಾ ಅವಧಿ ಎಷ್ಟೆಂದು ಓದಿ, ಅದನ್ನು ಪೂರ್ತಿ ಮಾಡಿ. ಮೇಲಧಿಕಾರಿಯ ಮೇಲಿನ ಸಿಟ್ಟಿನ ವಾರದಲ್ಲಿ ಪತ್ರ ಕೊಡಬೇಡಿ.

2. ಆರೋಗ್ಯ ವಿಮೆ ಕಚೇರಿಯದ್ದು ಮಾತ್ರ ಇದ್ದರೆ, ಸಂಬಳ ಬರುತ್ತಿರುವಾಗಲೇ ಕುಟುಂಬಕ್ಕೆ ಸ್ವಂತ ಪಾಲಿಸಿ ಕೊಳ್ಳಿ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ 30 ದಿನ ರಕ್ಷಣೆ ಇರುವುದಿಲ್ಲ. ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ 36 ತಿಂಗಳವರೆಗೂ ಇರಬಹುದು.

3. ಭವಿಷ್ಯ ನಿಧಿಯ ಹಣವನ್ನು ಬಂಡವಾಳವೆಂದು ಎಣಿಸಬೇಡಿ. ಐದು ವರ್ಷದ ನಿರಂತರ ಸೇವೆಗೆ ಮುನ್ನ ತೆಗೆದರೆ ತೆರಿಗೆಯೂ ಬೀಳುತ್ತದೆ.

4. ಬಿಡುಗಡೆ ಪತ್ರ ಮತ್ತು ಅನುಭವ ಪತ್ರವನ್ನು ಕೊನೆಯ ದಿನವೇ ಕೇಳಿ ಪಡೆಯಿರಿ. ನಾನು ಇದನ್ನು ಮರೆತು, ಆರು ತಿಂಗಳ ನಂತರ ಒಂದು ಸಹಿಗಾಗಿ ನಾಲ್ಕು ಸಲ ಅಲೆದೆ.

ಯಂತ್ರ, ಕೋಣೆ, ಬೋರ್ಡು ಇವುಗಳನ್ನು ಈಗ, ಪ್ರಯೋಗದಲ್ಲಿ ತೀರಾ ಅಗತ್ಯವೆಂದು ಕಂಡದ್ದನ್ನು ಮಾತ್ರ, ಒಂದೊಂದಾಗಿ ಕೊಳ್ಳಬಹುದು. ಕೊಳ್ಳುವ ಮುನ್ನ ವಿದ್ಯುತ್ ಸಂಪರ್ಕ ಯಾವ ಬಗೆಯದೆಂದು ನೋಡಿಕೊಳ್ಳಿ. ಇದನ್ನು ಏಕೆ ಹೇಳುತ್ತಿದ್ದೇನೆಂದು ನಿಮಗೆ ಗೊತ್ತು.

## ಹಂತ 8: ಮೊದಲ ತೊಂಬತ್ತು ದಿನ

ಕೆಲಸದ ವೇಳೆಯನ್ನು ಗೋಡೆಯ ಮೇಲೆ ಬರೆಯಿರಿ. ಮನೆಯಲ್ಲೇ ಇರುವವರನ್ನು ಬಿಡುವಾಗಿದ್ದಾರೆಂದು ಊರು ತಿಳಿಯುತ್ತದೆ. ಬ್ಯಾಂಕಿಗೆ ಹೋಗಿ ಬರಲು, ಆಸ್ಪತ್ರೆಗೆ ಜೊತೆಯಾಗಲು, ಆಳುಗಳಿಗೆ ವಾರದ ಬಟವಾಡೆ ಮಾಡಲು ಮೊದಲ ಕರೆ ನಿಮಗೇ ಬರುತ್ತದೆ. ವಾರದಲ್ಲಿ ಒಂದು ಅರ್ಧ ದಿನವನ್ನು ಇಂಥ ಕೆಲಸಗಳಿಗೆ ನೀವೇ ಗೊತ್ತುಮಾಡಿ ಎಲ್ಲರಿಗೂ ತಿಳಿಸಿದರೆ ಉಳಿದ ದಿನಗಳಲ್ಲಿ ಇಲ್ಲವೆನ್ನುವುದು ಸುಲಭವಾಗುತ್ತದೆ.

ನಲವತ್ತನೆಯ ದಿನದ ಆಸುಪಾಸಿನಲ್ಲಿ, ಹಳೆಯ ಕಚೇರಿಯಲ್ಲಿ ಸಂಬಳವಾದ ಸುದ್ದಿ ಕೇಳಿದ ಸಂಜೆ, ಭಯ ಮೊದಲಿನಷ್ಟೇ ದೊಡ್ಡದಾಗಿ ಮರಳಿ ಬರುತ್ತದೆ. ಆಗ ಬೆಲೆ ಇಳಿಸುವುದು, ಒಪ್ಪಬಾರದ ಆರ್ಡರ್ ಒಪ್ಪುವುದು, ಎರಡನೆಯ ಹೊಸ ಕೆಲಸವನ್ನು ಜೊತೆಗೆ ಶುರುಮಾಡುವುದು ಈ ಮೂರೂ ತಪ್ಪುಗಳು ಸಾಲಾಗಿ ನಡೆಯುತ್ತವೆ. ಎರಡನೆಯ ಹಂತದ ಮೂರು ಕಂಬಸಾಲುಗಳನ್ನು ಅಂದು ರಾತ್ರಿ ಮತ್ತೆ ಬಿಡಿಸಿ, ಯಾವ ಸಾಲಿನ ಭಯವೆಂದು ಗುರುತಿಸಿ. ಹಣದ್ದಾಗಿದ್ದರೆ ಪಾಸ್‌ಬುಕ್ ನೋಡಿ, ಗೆರೆ ಇನ್ನೂ ಎಷ್ಟು ದೂರವಿದೆಯೆಂದು ಲೆಕ್ಕ ಹಾಕಿ. ಜನರದ್ದಾಗಿದ್ದರೆ ಆ ಹೆಸರಿನವರಿಗೆ ಮರುದಿನವೇ ಫೋನ್ ಮಾಡಿ. ಕೈ ಸಾಲದೆಂಬುದಾಗಿದ್ದರೆ ದೀಪ ಆರಿಸಿ ಮಲಗಿ, ಬೆಳಿಗ್ಗೆ ಎದ್ದು ಸೀಳಿದ ಮೇಜಿನ ಹಲಗೆಗೆ ಮತ್ತೆ ಹತ್ತರಿ ಹಿಡಿಯಿರಿ.